ಡಾರ್ಟ್ ಗುರಿ ತಪ್ಪುತ್ತಿದೆಯೇ? ದೋಷ ಕೈಯಲ್ಲಿದೆಯೋ, ಡಾರ್ಟಿನಲ್ಲಿದೆಯೋ ನೋಡಿಕೊಳ್ಳುವ ಬಗೆ

ಬೋರ್ಡಿನ ಇಪ್ಪತ್ತರ ಮನೆಗೆ ಗುರಿ ಇಡುತ್ತೀರಿ. ಒಂದು ಡಾರ್ಟ್ ಎಡಕ್ಕೆ ಐದರಲ್ಲಿ, ಇನ್ನೊಂದು ಬಲಕ್ಕೆ ಒಂದರಲ್ಲಿ, ಮೂರನೆಯದು ತಂತಿಗೆ ತಾಗಿ ಟಣ್ ಅಂತ ನೆಲದ ಮೇಲೆ. ಹೀಗೆ ನಾಲ್ಕು ದಿನ ಆದರೆ ಸಾಕು, ಹೊಸ ಸೆಟ್ ಹುಡುಕಲು ಶುರು ಮಾಡುತ್ತೇವೆ. ನನ್ನ ಮಾತು ಕೇಳಿ, ಸ್ವಲ್ಪ ತಡೆಯಿರಿ. ಸ್ಟೀಲ್ ಟಿಪ್ ಡಾರ್ಟ್, ಅಂದರೆ ಉಕ್ಕಿನ ಮೊನೆಯ ಡಾರ್ಟ್, ಬದಲಾಯಿಸುವುದು ಪಟ್ಟಿಯ ಕೊನೆಯಲ್ಲಿ ಬರುವ ಕೆಲಸ. ಅದಕ್ಕೂ ಮೊದಲು ಖರ್ಚೇ ಇಲ್ಲದ ಕೆಲವು ಪರೀಕ್ಷೆಗಳಿವೆ, ಆಮೇಲೆ ಚಿಲ್ಲರೆ ಖರ್ಚಿನವು.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆಗೆ ಬೇಕಾಗಿರುವುದು ಒಂದು ಮಾರ್ಕರ್ ಪೆನ್ ಮಾತ್ರ. ಮೂರು ಡಾರ್ಟಿನ ಫ್ಲೈಟ್ ಮೇಲೆ, ಅಂದರೆ ಹಿಂದಿನ ರೆಕ್ಕೆಯ ಮೇಲೆ, ಒಂದಕ್ಕೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಇಡಿ. ಪ್ರತಿ ಸುತ್ತಿಗೂ ಎಸೆಯುವ ಕ್ರಮ ಬದಲಾಯಿಸುತ್ತಾ ಹೋಗಿ. ಸ್ಕೋರ್ ಬರೆಯಬೇಡಿ. ಯಾವುದು ಎಲ್ಲಿ ಬಿತ್ತು ಅಂತ ಒಂದು ಕಾಗದದಲ್ಲಿ ಗುರುತು ಹಾಕುತ್ತಾ ಬನ್ನಿ. ಎರಡು ಚುಕ್ಕೆಯದನ್ನು ಮೊದಲು ಎಸೆದರೂ ಕೊನೆಗೆ ಎಸೆದರೂ ಅದೇ ದಾರಿ ತಪ್ಪುತ್ತಿದ್ದರೆ ದೋಷ ಆ ಡಾರ್ಟಿನಲ್ಲಿದೆ. ಯಾವ ಡಾರ್ಟ್ ಆದರೂ ಸರಿ, ಮೂರನೇ ಎಸೆತವೇ ಹಾಳಾಗುತ್ತಿದ್ದರೆ ದೋಷ ಕೈಯಲ್ಲಿದೆ. ಮೂರೂ ಒಟ್ಟಿಗೆ ಒಂದೇ ಕಡೆ ಹೋಗಿ ಬೀಳುತ್ತಿದ್ದರೆ ಕೈಯೂ ಸರಿ, ಡಾರ್ಟೂ ಸರಿ. ಬೋರ್ಡಿನ ಎತ್ತರ, ದೂರದ ಅಳತೆಯನ್ನೋ ಡಾರ್ಟಿನ ತೂಕವನ್ನೋ ನೋಡಬೇಕು.

ಈ ಕಾಗದವನ್ನು ಎಸೆಯಬೇಡಿ. ಮುಂದೆಲ್ಲಾ ಇದೇ ಬೇಕಾಗುತ್ತದೆ.

ಟೇಪ್ ಹಿಡಿಯಿರಿ

ಬುಲ್‌ನ, ಅಂದರೆ ಬೋರ್ಡಿನ ನಟ್ಟನಡುವಿನ ವೃತ್ತದ, ನಡುಬಿಂದು ನೆಲದಿಂದ 5 ಅಡಿ 8 ಇಂಚು ಎತ್ತರದಲ್ಲಿರಬೇಕು, ಅಂದರೆ 173 ಸೆಂ.ಮೀ. ನೀವು ನಿಲ್ಲುವ ಗೆರೆ ಬೋರ್ಡಿನ ಮುಖದಿಂದ 7 ಅಡಿ 9¼ ಇಂಚು, ಅಂದರೆ 237 ಸೆಂ.ಮೀ. ಇಲ್ಲಿ ಎಡವುವವರು ಬಹಳ. ಗೋಡೆಯಿಂದ ಅಳೆಯುತ್ತಾರೆ. ಬೋರ್ಡೇ ಒಂದೂವರೆ ಇಂಚು ದಪ್ಪ, ಅದರ ಹಿಂದೆ ಒಂದು ಪ್ಲೈವುಡ್ ಹಲಗೆ ಬೇರೆ. ಅಲ್ಲಿಗೆ ನೀವು ಎರಡು ಇಂಚು ಮುಂದೆ ನಿಂತ ಹಾಗಾಯಿತು. ಮನೆಯಲ್ಲಿ ಚೆನ್ನಾಗಿ ಬೀಳುತ್ತದೆ, ಕ್ಲಬ್ಬಿಗೆ ಹೋದರೆ ಎಲ್ಲಾ ಕೆಳಗೆ ಬೀಳುತ್ತದೆ ಅನ್ನುವವರು ಮೊದಲು ಇದನ್ನೇ ನೋಡಿ.

ದಾರಕ್ಕೆ ಒಂದು ನಟ್ ಕಟ್ಟಿ ಬೋರ್ಡಿನ ಮುಖಕ್ಕೆ ತಾಗುವಂತೆ ಇಳಿಬಿಡಿ. ನಟ್ ನೆಲ ಮುಟ್ಟಿದ ಕಡೆಯಿಂದ ಅಳೆಯಿರಿ. ಸರಿ ಇದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳಲು ಬುಲ್‌ನಿಂದ ಗೆರೆಗೆ ಓರೆಯಾಗಿ ಟೇಪ್ ಎಳೆದು ನೋಡಿ: 293 ಸೆಂ.ಮೀ. ಬರಬೇಕು.

ಹಾಗೇ ತಲೆ ಮೇಲಿನ ಫ್ಯಾನನ್ನೂ ಆರಿಸಿ ಒಮ್ಮೆ ಎಸೆದು ನೋಡಿ. ಹಗುರ ಡಾರ್ಟಿಗೆ ಅಗಲದ ಫ್ಲೈಟ್ ಹಾಕಿದ್ದರೆ ಜೋರು ಗಾಳಿ ಅದನ್ನು ಸುಮ್ನೆ ಬಿಡುವುದಿಲ್ಲ.

ಬೋರ್ಡಿಗೆ ತಾಗಿ ವಾಪಸ್ ಬರುತ್ತಿದೆ

ಮೊದಲು ಬೋರ್ಡ್ ಯಾವುದು ನೋಡಿ. ಆಟದ ಸಾಮಾನಿನ ಅಂಗಡಿಯಲ್ಲಿ ಡಾರ್ಟ್ ಸಮೇತ ಸಿಗುವ ಅಗ್ಗದ ಬೋರ್ಡುಗಳು ಹೆಚ್ಚಾಗಿ ಕಾಗದದ ಪಟ್ಟಿ ಸುತ್ತಿ ಮಾಡಿದವು. ಒಂದಿಷ್ಟು ದಿನ ಆದ ಮೇಲೆ ತೂತು ತೂತಾಗಿ ಏನನ್ನೂ ಹಿಡಿದುಕೊಳ್ಳುವುದಿಲ್ಲ. ಅದರ ಮೇಲೆ ಎಷ್ಟು ಒಳ್ಳೆಯ ಡಾರ್ಟ್ ಎಸೆದರೂ ಅಷ್ಟೇ. ಸ್ಟೀಲ್ ಟಿಪ್‌ಗೆ ಬೇಕಾದದ್ದು ಸೈಸಲ್ ಬೋರ್ಡ್, ನಮ್ಮ ಕತ್ತಾಳೆಯ ಜಾತಿಯ ಗಿಡದ ನಾರಿನಿಂದ ಮಾಡಿದ್ದು. ನಾರುಗಳು ನಿಮ್ಮ ಕಡೆಗೆ ತುದಿ ಮಾಡಿ ಒತ್ತೊತ್ತಾಗಿ ನಿಂತಿರುತ್ತವೆ. ಮೊನೆ ಅವುಗಳ ನಡುವೆ ನುಗ್ಗುತ್ತದೆ, ಕಿತ್ತರೆ ತೂತು ಮತ್ತೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ನೀರು ಚಿಮುಕಿಸಿದರೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾರು ಉಬ್ಬಿ ಬೋರ್ಡೇ ಕೆಡುತ್ತದೆ.

ಬೋರ್ಡ್ ಸೈಸಲ್‌ನದೇ, ಆದರೂ ಬೀಳುತ್ತಿದೆ ಅಂದರೆ ಮೊನೆ ನೋಡಿ. ಬರಿಗಣ್ಣಿಗೆ ಕಾಣಿಸದೇ ಇರಬಹುದು. ಒಂದು ಹಳೆಯ ಕಾಟನ್ ಬಟ್ಟೆಯ ಮೇಲೆ ಮೊನೆಯನ್ನು ಮೆಲ್ಲಗೆ ಎಳೆಯಿರಿ. ಒಂದು ಕಡೆಗೆ ಸಲೀಸಾಗಿ ಜಾರಿ, ಡಾರ್ಟ್ ತಿರುಗಿಸಿ ಎಳೆದಾಗ ನೂಲು ಎದ್ದು ಬಂದರೆ ಮೊನೆ ಕೊಕ್ಕೆಯಾಗಿದೆ ಅಂತ ಅರ್ಥ. ತಂತಿಗೆ ಬಡಿದೋ ಟೈಲ್ಸ್ ನೆಲಕ್ಕೆ ಬಿದ್ದೋ ತುದಿ ಕೂದಲೆಳೆಯಷ್ಟು ಮಡಚಿಕೊಂಡಿರುತ್ತದೆ. ಈ ಕೊಕ್ಕೆ ಎರಡು ಕೆಲಸ ಕೆಡಿಸುತ್ತದೆ. ಒಳಗೆ ಹೋಗುವಾಗ ಸರಿಯಾಗಿ ಇಳಿಯುವುದಿಲ್ಲ, ಹೊರಗೆ ಬರುವಾಗ ಒಂದಿಷ್ಟು ನಾರನ್ನು ಕಿತ್ತುಕೊಂಡೇ ಬರುತ್ತದೆ. ಬೋರ್ಡಿನ ಇಪ್ಪತ್ತರ ಜಾಗದಲ್ಲಿ ಗಡ್ಡ ಬೆಳೆದ ಹಾಗೆ ನಾರು ಎದ್ದಿದ್ದರೆ ಕಾರಣ ಇದೇ.

ಡಾರ್ಟಿಗೆಂದೇ ಮಾಡಿದ, ನಡುವೆ ತೂತು ಇರುವ ಪುಟ್ಟ ಸಾಣೆ ಕಲ್ಲು ಸಿಗುತ್ತದೆ. ಮೊನೆಯನ್ನು ತೂತಿನೊಳಗೆ ಇಟ್ಟು, ಓರೆ ಮಾಡಿ, ಬೆರಳಲ್ಲಿ ಹಗುರವಾಗಿ ಕೆಲವು ಸುತ್ತು ತಿರುಗಿಸಿದರೆ ಸಾಕು. ಸೂಜಿಯ ಹಾಗೆ ಚೂಪು ಮಾಡಬೇಡಿ. ತೀರಾ ಚೂಪಾದ ಮೊನೆ ತಂತಿಯನ್ನು ಕಚ್ಚುತ್ತದೆ, ಮುಂದಿನ ಹೊಡೆತಕ್ಕೆ ಮತ್ತೆ ಕೊಕ್ಕೆಯಾಗುತ್ತದೆ. ಚೂಪು ಮಾಡಿದ ಮೇಲೆ ಎಮರಿ ಪೇಪರ್ ಮೇಲೆ ತುದಿಯನ್ನು ಒಮ್ಮೆ ಮುಟ್ಟಿಸಿ ಒಂದು ಚೂರು ಮೊಂಡು ಮಾಡಿ. ಬಟ್ಟೆ ಪರೀಕ್ಷೆ ಇನ್ನೊಮ್ಮೆ ಮಾಡಿ.

ಮೊನೆಯೂ ಸರಿ, ಆದರೆ ತಂತಿಗೆ ತಾಗಿದ್ದು ಮಾತ್ರ ವಾಪಸ್ ಬರುತ್ತಿದೆ ಅಂದರೆ ಡಾರ್ಟನ್ನು ಬೈಯಬೇಡಿ. ಹಳೆಯ ನಮೂನೆಯ ಬೋರ್ಡಿನಲ್ಲಿ ದುಂಡನೆಯ ತಂತಿಯನ್ನು ಸ್ಟೇಪಲ್ ಹೊಡೆದು ಕೂರಿಸಿರುತ್ತಾರೆ. ಸ್ಟೇಪಲ್ ತಲೆಗೆ ತಾಗಿದ ಡಾರ್ಟ್ ನಿಲ್ಲುವುದು ಕಷ್ಟ. ಈಗಿನ ಒಳ್ಳೆಯ ಬೋರ್ಡುಗಳಲ್ಲಿ ಸ್ಟೇಪಲ್ ಇಲ್ಲ, ತಂತಿಯೂ ತೆಳ್ಳಗೆ, ಅಂಚು ಚೂಪಾಗಿರುತ್ತದೆ. ದುಡ್ಡು ಸ್ವಲ್ಪವೇ ಇದ್ದರೆ ಒಳ್ಳೆಯ ಡಾರ್ಟಿಗಿಂತ ಮೊದಲು ಒಳ್ಳೆಯ ಬೋರ್ಡ್ ಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಚುಚ್ಚಿಕೊಂಡು ಒಂದು ಕ್ಷಣ ನಿಂತು ಆಮೇಲೆ ಉದುರುತ್ತಿದ್ದರೆ ಆ ಜಾಗದ ನಾರು ಸವೆದಿದೆ. ಅಂಕಿಗಳ ಬಳೆಯನ್ನು ಬಿಚ್ಚಿ, ಬೋರ್ಡನ್ನು ಎರಡು ಮನೆ ತಿರುಗಿಸಿ, ಬಳೆ ಮತ್ತೆ ಹಾಕಿ. ಎರಡು ಮನೆ ಯಾಕೆ ಅಂದರೆ ಇಪ್ಪತ್ತು ಕಪ್ಪು ಮನೆಯ ಮೇಲೆಯೇ ಬರಬೇಕು. ಡಾರ್ಟ್ ಕೀಳುವಾಗ ಮೇಲೆ ಕೆಳಗೆ ಅಲ್ಲಾಡಿಸಬೇಡಿ, ಸ್ಕ್ರೂ ಬಿಚ್ಚುವ ಹಾಗೆ ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ.

ಬಾಲ ಜೋತುಬಿದ್ದಿದೆ, ಅಥವಾ ಎದ್ದು ನಿಂತಿದೆ

ಬೋರ್ಡಿನ ಪಕ್ಕಕ್ಕೆ ಬಂದು ನಿಂತು ನೋಡಿ, ಎದುರಿನಿಂದ ಗೊತ್ತಾಗುವುದಿಲ್ಲ. ಮೂರೂ ಡಾರ್ಟಿನ ಬಾಲ ಒಂದೇ ಓರೆಯಲ್ಲಿದ್ದರೆ, ಆ ಓರೆ ತೀರಾ ಜಾಸ್ತಿ ಇಲ್ಲದಿದ್ದರೆ, ಅದು ದೋಷವೇ ಅಲ್ಲ. ಡಾರ್ಟ್ ನೆಲಕ್ಕೆ ಸಮನಾಗಿಯೇ ನಿಲ್ಲಬೇಕು ಅಂತ ಎಲ್ಲೂ ಇಲ್ಲ.

ಬಾಲ ಕೆಳಗೆ ಜೋತು, ಮುಂದಿನ ಡಾರ್ಟಿಗೆ ಅಡ್ಡ ಬರುತ್ತಿದ್ದರೆ ಫ್ಲೈಟ್ ಚಿಕ್ಕದಾಗಿದೆ. ಫ್ಲೈಟ್ ಮಾಡುವ ಕೆಲಸ ಗಾಳಿಪಟದ ಬಾಲಂಗೋಚಿಯದು: ಹಿಂದಿನಿಂದ ಎಳೆದು ನೇರ ಮಾಡುವುದು. ಡಾರ್ಟ್ ಬಾಗಿದ ದಾರಿಯಲ್ಲಿ ಹೋಗುತ್ತದೆ, ಬೋರ್ಡ್ ಹತ್ತಿರ ಬರುವಾಗ ಕೆಳಕ್ಕೆ ಇಳಿಯುತ್ತಿರುತ್ತದೆ. ಆಗ ಗಾಳಿ ಫ್ಲೈಟನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ಬಾಲವನ್ನು ಎತ್ತುತ್ತದೆ. ಅಗಲದ ಫ್ಲೈಟ್ ಬೇಗ ಎತ್ತುತ್ತದೆ, ಸಣ್ಣದು ತಡ ಮಾಡುತ್ತದೆ. ಹಾಗಾಗಿ ಬಾಲ ಬೀಳುತ್ತಿದ್ದರೆ ಸ್ಟ್ಯಾಂಡರ್ಡ್ ಅನ್ನುವ ದೊಡ್ಡ ಫ್ಲೈಟ್ ಹಾಕಿ. ಬಾಲ ತೀರಾ ಮೇಲೆದ್ದರೆ, ಅಥವಾ ಡಾರ್ಟ್ ಬೋರ್ಡ್ ತಲುಪುವಷ್ಟರಲ್ಲಿ ಸುಸ್ತಾದ ಹಾಗೆ ಕಂಡರೆ, ಒಂದು ಮೆಟ್ಟಿಲು ಚಿಕ್ಕದಕ್ಕೆ ಇಳಿಯಿರಿ. ಸ್ಲಿಮ್ ಫ್ಲೈಟ್ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಆದರೆ ಬಿಡುವಾಗ ಕೈ ಮಾಡಿದ ತಪ್ಪನ್ನು ತಿದ್ದುವುದಿಲ್ಲ. ಹೊಸಬರಿಗೆ ಅದು ಬೇಡ.

ಸ್ಟೆಮ್, ಅಂದರೆ ಫ್ಲೈಟ್ ಸಿಕ್ಕಿಸುವ ಕಡ್ಡಿ, ಸ್ವಲ್ಪ ತರಲೆ. ಉದ್ದ ಜಾಸ್ತಿಯಾದರೆ ಫ್ಲೈಟಿಗೆ ಬಲ ಹೆಚ್ಚುತ್ತದೆ, ಆದರೆ ಬಾಲದ ಕಡೆ ಭಾರವೂ ಹೆಚ್ಚುತ್ತದೆ. ಎರಡರಲ್ಲಿ ಯಾವುದು ಗೆಲ್ಲುತ್ತದೆ ಅನ್ನುವುದು ನಿಮ್ಮ ಎಸೆತದ ಮೇಲೆ ನಿಂತಿದೆ. ಮೀಡಿಯಂ ನೈಲಾನ್ ಸ್ಟೆಮ್‌ನಿಂದ ಶುರು ಮಾಡಿ, ಒಂದು ಅಳತೆ ಗಿಡ್ಡ, ಒಂದು ಅಳತೆ ಉದ್ದ, ಎರಡನ್ನೂ ಹಾಕಿ ಕಣ್ಣಾರೆ ನೋಡಿ. ಫ್ಲೈಟ್ ಮತ್ತು ಸ್ಟೆಮ್ ಎರಡನ್ನೂ ಒಂದೇ ದಿನ ಬದಲಾಯಿಸಬೇಡಿ. ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಬಾಲ ಎಡಕ್ಕೋ ಬಲಕ್ಕೋ ವಾಲಿದ್ದರೆ ಬೇರೆ ಕಥೆ. ಡಾರ್ಟ್ ಬಿಡುವ ಗಳಿಗೆಯಲ್ಲಿ ಒಂದು ಬೆರಳು ಪಕ್ಕಕ್ಕೆ ತಳ್ಳುತ್ತಿದೆ. ಇದಕ್ಕೆ ಅಂಗಡಿಯಲ್ಲಿ ಔಷಧ ಇಲ್ಲ.

ಓಲಾಡುತ್ತಾ ಹೋಗುತ್ತದೆ

ಚುಕ್ಕೆ ಹಾಕಿದ ಡಾರ್ಟುಗಳಲ್ಲಿ ಒಂದೇ ಒಂದು ಓಲಾಡುತ್ತಿದೆಯೇ? ಅದನ್ನು ಗಾಜಿನ ಟೇಬಲ್ ಮೇಲೆ, ಫ್ಲೈಟ್ ಅಂಚಿನಾಚೆ ಬರುವ ಹಾಗೆ ಇಟ್ಟು ಉರುಳಿಸಿ. ಸ್ಟೆಮ್ ಬಾಗಿದ್ದರೆ ಬಾಲ ಗಿರಗಿರ ವಾಲುವುದು ಕಾಣುತ್ತದೆ. ಅಲ್ಯೂಮಿನಿಯಂ ಸ್ಟೆಮ್ ನೆಲಕ್ಕೆ ಬಿದ್ದು ಬಾಗುವುದು ಮಾಮೂಲು. ನೈಲಾನ್ ಬಾಗುವ ಬದಲು ಮುರಿಯುತ್ತದೆ, ಆಗ ಕನಿಷ್ಠ ಗೊತ್ತಾದರೂ ಆಗುತ್ತದೆ, ಅಲ್ವಾ. ಫ್ಲೈಟಿನ ನಾಲ್ಕು ರೆಕ್ಕೆ ಒಂದಕ್ಕೊಂದು ಕೂಡಿಸುವ ಚಿಹ್ನೆಯ (+) ಹಾಗೆ ನೇರವಾಗಿ ನಿಂತಿರಬೇಕು. ಒಂದು ರೆಕ್ಕೆ ಮುದುರಿದ್ದರೂ ಅಂಚು ಸೀಳಿದ್ದರೂ ಬದಲಾಯಿಸಿ. ಸ್ಟೆಮ್ ಸಡಿಲವಾಗಿದ್ದರೂ ಇದೇ ಆಗುತ್ತದೆ. ಆಟದ ನಡುವೆ ಆಗಾಗ ಬೆರಳಲ್ಲಿ ತಿರುಗಿಸಿ ಬಿಗಿ ಮಾಡುವುದು ಅಭ್ಯಾಸವಾಗಲಿ.

ಮೂರೂ ಓಲಾಡುತ್ತಿವೆ ಅಂದರೆ ಕೈ ನೋಡಿ.

ಹಿಡಿತ

ಹೆಚ್ಚಿನ ಡಾರ್ಟುಗಳ ಹಣೆಬರಹ ನಿಂತಿರುವುದು ಇಲ್ಲಿ. ಮೊದಲು ಡಾರ್ಟನ್ನು ತೋರುಬೆರಳ ಮೇಲೆ ಅಡ್ಡ ಇಟ್ಟು ಸಮತೂಕದ ಜಾಗ ಹುಡುಕಿ. ಆಮೇಲೆ ಟೇಬಲ್ ಮೇಲಿಟ್ಟು, ಕಣ್ಣು ಮುಚ್ಚಿ, ಎಸೆಯಲು ಹಿಡಿಯುವ ಹಾಗೆ ಎತ್ತಿಕೊಳ್ಳಿ. ಯೋಚನೆ ಮಾಡಬೇಡಿ. ಕಣ್ಣು ತೆರೆದು ಹೆಬ್ಬೆರಳು ಎಲ್ಲಿದೆ ನೋಡಿ. ಹಲವು ಸಲ ಹೀಗೆ ಮಾಡಿದರೆ ಹೆಬ್ಬೆರಳು ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಬರುತ್ತದೆ. ಅದು ಸಮತೂಕದ ಜಾಗದ ಮೇಲೇ ಇದೆಯೋ, ಮುಂದಿದೆಯೋ, ಹಿಂದಿದೆಯೋ?

ಅದರ ಮೇಲೇ ಇದ್ದರೆ ನಿಮಗೆ ಉದ್ದಕ್ಕೂ ಒಂದೇ ದಪ್ಪದ ನೇರ ಬ್ಯಾರೆಲ್ (ಬೆರಳಲ್ಲಿ ಹಿಡಿಯುವ ಲೋಹದ ಭಾಗ) ಸಾಕು. ಮುಂದೆ, ಮೊನೆಯ ಹತ್ತಿರ ಹಿಡಿಯುವವರಾದರೆ ಮುಂಭಾಗ ದಪ್ಪಗಿದ್ದು ಹಿಂದಕ್ಕೆ ಸಣ್ಣಗಾಗುವ ಟಾರ್ಪಿಡೊ ಆಕಾರ ಹೊಂದುತ್ತದೆ, ಭಾರ ಬೆರಳ ಕೆಳಗೇ ಸಿಗುತ್ತದೆ. ಹಿಂದೆ ಹಿಡಿಯುವವರಿಗೆ ಉದ್ದನೆಯ ಬ್ಯಾರೆಲ್ ಬೇಕು, ಇಲ್ಲದಿದ್ದರೆ ಬೆರಳು ಸ್ಟೆಮ್ ಮೇಲೆ ಹೋಗುತ್ತದೆ. ಪ್ರತಿ ಸಲ ಬೆರಳು ಬೇರೆ ಬೇರೆ ಕಡೆ ಬರುತ್ತಿದ್ದರೆ ಈಗಲೇ ಏನೂ ಕೊಳ್ಳಬೇಡಿ. ಹಿಡಿತ ಇನ್ನೂ ಕೂತಿಲ್ಲ. ನೇರ ಬ್ಯಾರೆಲ್ ಅದನ್ನು ಕೂರಿಸಲು ಬಿಡುತ್ತದೆ, ಆಕಾರ ಇರುವುದು ನಿಮ್ಮ ಕೈಯನ್ನು ತನಗೆ ಬೇಕಾದ ಜಾಗಕ್ಕೆ ಎಳೆಯುತ್ತದೆ.

ಇನ್ನು ಬ್ಯಾರೆಲ್ ಮೇಲಿನ ಗೀರುಗಳು. ಮೊದಲು ಗುರುತು ಹಾಕಿಟ್ಟ ಕಾಗದವನ್ನು ಈಗ ತೆಗೆದು ನೋಡಿ. ಗುರುತುಗಳು ಗುರಿಯಿಂದ ಮೇಲಕ್ಕೇ ಹೋಗುತ್ತಿವೆಯೇ? ಡಾರ್ಟ್ ಬೇಗ ಜಾರುತ್ತಿರಬಹುದು. ಬೆವರುವ ಕೈಗೆ ನುಣುಪು ಬ್ಯಾರೆಲ್ ಆಗುವುದಿಲ್ಲ. ಜಾರುತ್ತದೆ ಅಂತ ಬಿಗಿಯಾಗಿ ಒತ್ತುತ್ತೀರಿ, ಉಗುರಿನ ತುದಿ ಬೆಳ್ಳಗಾಗುತ್ತದೆ, ಮುಂಗೈ ಬಿಗಿಯುತ್ತದೆ, ಎಸೆತ ಕುಲುಕುತ್ತದೆ. ಗುರುತುಗಳು ಕೆಳಕ್ಕೇ ಹೋಗುತ್ತಿದ್ದರೆ ಉಲ್ಟಾ: ಗೀರು ತೀರಾ ಒರಟು, ಡಾರ್ಟ್ ಬೆರಳಿಗೆ ಕಚ್ಚಿಕೊಂಡು ತಡವಾಗಿ ಬಿಡುಗಡೆಯಾಗುತ್ತಿದೆ. ಆಟ ಮುಗಿದ ಮೇಲೆ ಹೆಬ್ಬೆರಳ ಮೇಲೆ ಅರದಿಂದ ಉಜ್ಜಿದ ಹಾಗೆ ಗುರುತು ಉಳಿದಿದ್ದರೆ ಇನ್ನೇನು ಸಾಕ್ಷಿ ಬೇಕು?

ಹೊಸದು ಕೊಳ್ಳುವ ಮೊದಲು ಹಳೆಯದನ್ನು ಒಮ್ಮೆ ತೊಳೆಯಿರಿ. ಗೀರುಗಳ ಸಂದಿಯಲ್ಲಿ ಬೆವರು, ಕೊಳೆ ಸೇರಿ ಗಟ್ಟಿಯಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್, ಸೋಪು ನೀರು ಸಾಕು. ಮೊನೆಯನ್ನು ಚೆನ್ನಾಗಿ ಒರೆಸಿ, ಉಕ್ಕು ತುಕ್ಕು ಹಿಡಿಯುತ್ತದೆ. ‘ಗ್ರಿಪ್ ಹೋಯ್ತು’ ಅಂತ ಪಕ್ಕಕ್ಕಿಟ್ಟ ಎಷ್ಟೋ ಡಾರ್ಟುಗಳು ಈ ಸ್ನಾನದಿಂದಲೇ ವಾಪಸ್ ಬರುತ್ತವೆ.

ಬೆರಳು ಎಷ್ಟಿರಬೇಕು? ಮೂರು ಅಥವಾ ನಾಲ್ಕು. ಎರಡೇ ಬೆರಳಲ್ಲಿ ಹಿಡಿದರೆ ಡಾರ್ಟ್ ಅಲುಗಾಡುತ್ತದೆ. ಐದೂ ಬೆರಳು ಹಾಕಿದರೆ ಎಲ್ಲವೂ ಒಟ್ಟಿಗೆ ಬಿಡಬೇಕು, ಒಂದು ತಡ ಮಾಡಿದರೂ ಡಾರ್ಟ್ ತಿರುಚಿಕೊಳ್ಳುತ್ತದೆ. ಮೂರೂ ಓಲಾಡುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ತೂಕ

ನಿಯಮದ ಪ್ರಕಾರ 50 ಗ್ರಾಂವರೆಗೆ ಇರಬಹುದು. ಆದರೆ ಜನ ಎಸೆಯುವುದು ಬಹುತೇಕ 20ರಿಂದ 26 ಗ್ರಾಂ ಒಳಗಿನದು. ಹೊಸಬರಿಗೆ 22 ಅಥವಾ 23 ಗ್ರಾಂ ಹೇಳುತ್ತೇನೆ. ಆಗ ಎರಡೂ ಕಡೆಗೆ ಸರಿಯಲು ಜಾಗ ಇರುತ್ತದೆ.

ಕಾಗದದ ಗುರುತುಗಳು ಮೇಲಿಂದ ಕೆಳಕ್ಕೆ ಉದ್ದನೆಯ ಗೆರೆಯ ಹಾಗೆ ಹರಡಿದ್ದರೆ ಡಾರ್ಟ್ ನಿಮಗೆ ಹಗುರವಾಗಿರಬಹುದು. ಹಗುರದ್ದಕ್ಕೆ ವೇಗ ಬೇಕು, ವೇಗಕ್ಕಾಗಿ ಕೈ ಝಾಡಿಸುತ್ತೀರಿ, ಬಿಡುವ ಗಳಿಗೆ ಹಿಂದೆ ಮುಂದೆ ಆಗುತ್ತದೆ. ಆಟದ ಶುರುವಿನಲ್ಲಿ ಸರಿಯಿದ್ದು, ಆಡುತ್ತಾ ಆಡುತ್ತಾ ಕೆಳಗಿಳಿಯುತ್ತಾ ಬಂದರೆ ಭಾರ ಜಾಸ್ತಿ, ಕೈ ಸೋಲುತ್ತಿದೆ. ಎಡ ಬಲಕ್ಕೆ ಹರಡಿದ್ದರೆ ತೂಕವನ್ನು ಮುಟ್ಟಲೇಬೇಡಿ. ಅದು ಮೊಣಕೈಯ ಅಥವಾ ನಿಲುವಿನ ದೋಷ. ಬದಲಾಯಿಸುವುದಿದ್ದರೆ ಒಂದು ಸಲಕ್ಕೆ ಎರಡು ಗ್ರಾಂಗಿಂತ ಜಾಸ್ತಿ ಬೇಡ.

ಅಗ್ಗದ ಸೆಟ್ಟಿನಲ್ಲಿ ಮೂರೂ ಒಂದೇ ತೂಕ ಇರುತ್ತವೆ ಅಂತ ನಂಬಬೇಡಿ. ಹಿತ್ತಾಳೆಯವನ್ನು 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ. ‘ಎರಡು ಚುಕ್ಕೆಯದು ಮಾತ್ರ ಕೆಳಗೆ ಹೋಗುತ್ತದೆ’ ಅನ್ನುವ ಒಗಟು ಅಲ್ಲೇ ಬಿಡಿಸಿಕೊಳ್ಳಬಹುದು.

ಮೂರನೆಯದಕ್ಕೆ ಜಾಗ ಇಲ್ಲ

ಎರಡು ಡಾರ್ಟ್ ಟ್ರಿಪಲ್ ಇಪ್ಪತ್ತರ (ಮೂರು ಪಟ್ಟು ಅಂಕ ಕೊಡುವ ಕಿರಿದಾದ ಪಟ್ಟಿ) ಹತ್ತಿರ ಕೂತಿವೆ, ಮೂರನೆಯದು ಅವಕ್ಕೆ ಬಡಿದು ಪಕ್ಕಕ್ಕೆ ಹಾರಿತು. ಇದು ಖುಷಿಪಡಬೇಕಾದ ದೋಷ. ದುಡ್ಡು ಖರ್ಚು ಮಾಡಲು ಈಗ ಕಾರಣ ಸಿಕ್ಕಿತು.

ಟ್ರಿಪಲ್ ಪಟ್ಟಿಯ ಅಗಲ 8 ಮಿ.ಮೀ. 22 ಗ್ರಾಂ ಹಿತ್ತಾಳೆಯನ್ನು 50 ಮಿ.ಮೀ. ಉದ್ದದ ಗಟ್ಟಿ ಕಡ್ಡಿ ಮಾಡಿದರೆ ದಪ್ಪ ಹೆಚ್ಚು ಕಡಿಮೆ ಅಷ್ಟೇ, 8 ಮಿ.ಮೀ. ಬರುತ್ತದೆ. ಅದೇ ತೂಕವನ್ನು 90 ಶೇಕಡಾ ಟಂಗ್‌ಸ್ಟನ್ನಿನಲ್ಲಿ ಮಾಡಿದರೆ 6 ಮಿ.ಮೀ. ಒಳಗೇ ಮುಗಿಯುತ್ತದೆ, ಯಾಕೆಂದರೆ ಆ ಲೋಹ ಹಿತ್ತಾಳೆಗಿಂತ ಸುಮಾರು ಎರಡು ಪಟ್ಟು ಸಾಂದ್ರ. ನಿಜವಾದ ಬ್ಯಾರೆಲ್‌ನಲ್ಲಿ ಸ್ಟೆಮ್ಮಿಗೆ ತೂತು, ಮೇಲೆ ಗೀರು ಇರುವುದರಿಂದ ಅಳತೆ ಚೂರು ಆಚೀಚೆ ಆಗುತ್ತದೆ. ಲೆಕ್ಕ ಮಾತ್ರ ಇದೇ.

ಆದರೆ ಈ ತೊಂದರೆ ಬಂದಿರಬೇಕು. ಬೋರ್ಡಿನಲ್ಲಿ ಚುಚ್ಚಿಕೊಂಡ ನಿಮ್ಮ ಮೂರು ಡಾರ್ಟನ್ನು ಒಂದು ಅಂಗೈಯಲ್ಲಿ ಮುಚ್ಚಲು ಆಗದಿದ್ದರೆ ಡಾರ್ಟಿಗೆ ಡಾರ್ಟ್ ಬಡಿಯುವುದೇ ಅಪರೂಪ, ತೆಳ್ಳನೆಯ ಬ್ಯಾರೆಲ್‌ನಿಂದ ಲಾಭವೇನೂ ಇಲ್ಲ. ಹಿತ್ತಾಳೆಯಲ್ಲೇ ಆಡಿ. ಅಂಗೈಯೊಳಗೆ ಬರತೊಡಗಿದರೆ 80 ಶೇಕಡಾ ಟಂಗ್‌ಸ್ಟನ್ ಒಳ್ಳೆಯ ಮೆಟ್ಟಿಲು. ಪದೇ ಪದೇ ಒಂದಕ್ಕೊಂದು ಬಡಿದು ಫ್ಲೈಟ್ ಹರಿಯತೊಡಗಿದಾಗ 90ಕ್ಕೆ ಹೋಗಿ. 95, 97 ಅನ್ನುವುದರಲ್ಲಿ ಸಿಗುವ ತೆಳುವು ಚೂರೇ ಚೂರು, ಬೆಲೆ ಮಾತ್ರ ಹಾರುತ್ತದೆ.

ಅಂಗಡಿಯಲ್ಲಿ

2025ರ ಜನವರಿ 3ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಲ್ಯೂಕ್ ಲಿಟ್ಲರ್ ಅನ್ನುವ 17 ವರ್ಷದ ಹುಡುಗ ಮೈಕೆಲ್ ವಾನ್ ಗರ್ವೆನ್ ಅವರನ್ನು 7-3ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ. ಅಂಥವರ ಹೆಸರು ಹೊತ್ತ ಡಾರ್ಟ್ ಕೈಗೆ ಬಂದರೆ ಚೆನ್ನ ಅನ್ನಿಸುವುದು ಸಹಜ. ಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆ ಬ್ಯಾರೆಲ್ಲಿನ ಉದ್ದ, ಗೀರು, ಸಮತೂಕ ಎಲ್ಲಾ ಆ ಆಟಗಾರನ ಬೆರಳಿಗೆ ಹೊಂದಿಸಿದ್ದು. ನಿಮ್ಮ ಹೆಬ್ಬೆರಳು ಎಲ್ಲಿ ಕೂರುತ್ತದೆ ಅಂತ ಗೊತ್ತಿದ್ದರೆ ಹೆಸರು ನೋಡುವ ಮೊದಲು ಬ್ಯಾರೆಲ್ ಆಕಾರ ನೋಡುತ್ತೀರಿ.

ಕೈಯಲ್ಲಿ ಹಿಡಿದು ನೋಡಲು ಬಿಡುವ ಅಂಗಡಿ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಕ್ಲಬ್ಬಿನಲ್ಲಿ ಬೇರೆಯವರ ಡಾರ್ಟ್ ಕೇಳಿ ಪಡೆದು ಎಸೆಯಿರಿ, ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಆನ್‌ಲೈನಿನಲ್ಲಿ ತರಿಸುವುದಾದರೆ ಮೂರು ವಿಷಯ ಓದಿಕೊಳ್ಳಿ. ತೂಕ ಬರೀ ಬ್ಯಾರೆಲ್ಲಿನದೋ ಇಡೀ ಡಾರ್ಟಿನದೋ. ಬ್ಯಾರೆಲ್ ಉದ್ದ ಎಷ್ಟು ಮಿ.ಮೀ. ಸ್ಟೆಮ್ ಹಿಡಿಯುವ ಥ್ರೆಡ್ 2ಬಿಎ ಅನ್ನುವ ಮಾಮೂಲಿ ಅಳತೆಯದು ಹೌದೋ ಅಲ್ಲವೋ. ಟಂಗ್‌ಸ್ಟನ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಕೆಲವು ಅಗ್ಗದ ಹಿತ್ತಾಳೆ ಸೆಟ್ಟುಗಳಲ್ಲಿ ದಪ್ಪ ಥ್ರೆಡ್ ಬರುತ್ತದೆ, ಅದಕ್ಕೆ ಮಾಮೂಲಿ ಸ್ಟೆಮ್ ಕೂರುವುದಿಲ್ಲ. ಆರ್ಡರ್ ಮಾಡುವಾಗಲೇ ಒಂದು ಸಾಣೆ ಕಲ್ಲು, ಒಂದೆರಡು ಸೆಟ್ ಹೆಚ್ಚುವರಿ ಫ್ಲೈಟ್, ಮೂರು ನೈಲಾನ್ ಸ್ಟೆಮ್ ಸೇರಿಸಿಬಿಡಿ. ಮುರಿದ ಸ್ಟೆಮ್ಮಿನ ತುಂಡು ಬ್ಯಾರೆಲ್ ಒಳಗೇ ಉಳಿದರೆ ಹಳೆಯ ಡಾರ್ಟಿನ ಮೊನೆಯನ್ನು ತುಂಡಿನ ನಡುವೆ ಒತ್ತಿ ಎಡಕ್ಕೆ ತಿರುಗಿಸಿ, ಹೆಚ್ಚಿನ ಸಲ ಬಿಚ್ಚಿಕೊಂಡು ಬರುತ್ತದೆ.